ಅಲಮೇಲಮ್ಮ ನೋಡಿದ ರಾಜನ ತೊಡೆಮೂಳೆ

ಸಾನ್ವಿಯ ಒಂದು ಜಡೆ ಹೆಣೆದಾಗಿತ್ತು, ಇನ್ನೊಂದು ಬಾಕಿ ಇತ್ತು. ಆಗ ಬಾಗಿಲ ಬೆಲ್ಲಾಯಿತು. ೨೦೧೧ರ ಸೆಪ್ಟೆಂಬರ್, ಎರಡನೇ ಶನಿವಾರ, ಡಲ್ಲಾಸಿನ ಹತ್ತಿರದ ಲಿಟಲ್ ಎಲ್ಮ್ ಎಂಬ ಊರಿನಲ್ಲಿ ಮಲ್ಲವ್ವನ ಮಗಳ ಮನೆ. ಶನಿವಾರಕ್ಕೊಮ್ಮೆ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕುವುದು ಮಲ್ಲವ್ವನ ಕೆಲಸ. ಆ ಒಂದು ತಾಸು ಹನ್ನೆರಡು ವರ್ಷದ ಹುಡುಗಿ ಆಕೆಯ ಮೊಳಕಾಲುಗಳ ನಡುವೆ ಕೂತಿರುತ್ತಿದ್ದಳು. ಅವತ್ತು ಬಾಚಣಿಗೆ ಕೂದಲಲ್ಲಿ ಸಿಕ್ಕಿರುವಂತೆಯೇ ಎದ್ದು ಓಡಿದಳು.

ಬಾಗಿಲಲ್ಲಿ ನೆಟ್ಟಗೆ ನಿಂತಿದ್ದವರು ಅಲಮೇಲಮ್ಮ. ಮೈಸೂರಿನವರು, ಮದುವೆಯಾಗಿರಲಿಲ್ಲ. ಡಲ್ಲಾಸಿನ ಆಸ್ಪತ್ರೆಯೊಂದರ ಎಕ್ಸ್‌ರೇ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದು ರಿಟೈರ್ ಆಗಿದ್ದರು. ಈಜಿಪ್ತಿನ ಟುಟಂಕಾಮನ್ ಎಂಬ ರಾಜ ಹತ್ತೊಂಬತ್ತಕ್ಕೇ ಹ್ಯಾಗೆ ಸತ್ತ ಎಂದು ಸಾನ್ವಿ ಶಾಲೆಯ ಹಿಸ್ಟರಿ ಫೇರಿಗೆ ಬರೆಯಬೇಕಿತ್ತು. ಮೂಳೆಯ ಚಿತ್ರ ಓದಬಲ್ಲವರು ಬೇಕೆಂದು ಅವಳ ತಾಯಿ ಸೌಂದರ್ಯಾ ಕರೆಸಿದ್ದಳು.

"ಜಡೆ ಮುಗಿಸಿ ಮಲ್ಲವ್ವನೋರೇ, ನಾನು ಕಾಯ್ತೀನಿ."

"ಇಟ್ಸ್ ಓಕೆ, ಆಂಟಿ," ಎಂದಳು ಸಾನ್ವಿ. ಒಂದೇ ಜಡೆಯಲ್ಲಿ ಎರಡೂವರೆ ತಾಸು ಕೂತಳು.

ಮುಂದೆ ಶನಿವಾರಗಳೆಲ್ಲ ಅಲಮೇಲಮ್ಮನವಾದವು. ಪುಸ್ತಕದ ಚಿತ್ರವನ್ನೂ ಅವರು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತಿದ್ದರು. ಯಾರ ಫೋಟೋ ತೆಗೆದರೂ "ಉಸಿರು ಹಿಡೀರಿ... ಬಿಡಿ" ಅನ್ನುತ್ತಿದ್ದರು. ಸಾನ್ವಿ ಬಿದ್ದು ಬಿದ್ದು ನಗುತ್ತಿದ್ದಳು. ಆ ನಗು ಅಡುಗೆಮನೆವರೆಗೆ ಬಂದರೆ ಮಲ್ಲವ್ವ ಮಿಕ್ಸರ್ ಹಾಕುತ್ತಿದ್ದಳು, ಜಾರಿನಲ್ಲಿ ಏನೂ ಇಲ್ಲದಿದ್ದರೂ.

ನವೆಂಬರಿನಲ್ಲಿ ಮೂವರೂ ಹ್ಯೂಸ್ಟನ್ನಿಗೆ ಹೋದರು. ರಾಜನ ಗೋರಿಯ ಸಾಮಾನುಗಳು ಅಲ್ಲಿಯ ಮ್ಯೂಸಿಯಮ್ಮಿಗೆ ಬಂದಿದ್ದವು. ಅಲಮೇಲಮ್ಮ ಡ್ರೈವ್ ಮಾಡಿದರು. ಸಾನ್ವಿ ಮುಂದೆ, ಮಲ್ಲವ್ವ ಹಿಂದೆ, ತೊಡೆಯ ಮೇಲೆ ಬುತ್ತಿ. ಐದು ತಾಸಿನ ದಾರಿಯಲ್ಲಿ ಮೊಮ್ಮಗಳು ಹಿಂತಿರುಗಿ ನೋಡಿದ್ದು ಮೂರು ಸಲ, ಮೂರೂ ಸಲ ಚಕ್ಕುಲಿಗೆ.

"ರಾಜನ ಹೆಣಾ ಎಲ್ಲೈತ್ರಿ?" ಎಲ್ಲ ನೋಡಿ ಬೆಂಚಿನ ಮೇಲೆ ಕೂತಾಗ ಮಲ್ಲವ್ವ ಕೇಳಿದಳು.

"ಅದು ಈಜಿಪ್ಟಲ್ಲೇ ಇದೆ."

"ಹೆಣಾ ಇಲ್ಲದ ಸಾವಿನ ಮನಿಗೆ ಇಷ್ಟು ದೂರ ಮಾತಾಡ್ಸಾಕ ಬಂದಂಗಾತು."

ಅಲಮೇಲಮ್ಮ ನಕ್ಕು ಸಾನ್ವಿಯ ಕಡೆ ತಿರುಗಿದರು. "ತಲೆಗೆ ಹೊಡೆದು ಕೊಂದರು ಅಂತಿದ್ರು ಮೊದಲು. ಸ್ಕ್ಯಾನ್ ಮಾಡಿದ ಮೇಲೆ ಅದು ಸುಳ್ಳಾಯ್ತು. ಮುರಿದಿದ್ದು ಎಡತೊಡೆ. ಬದುಕಿದ್ದಾಗಲೇ ಮುರಿದು, ಕೀವಾಗಿ ಸತ್ತಿದ್ದಾನೆ. ಸಂಶಯವೇ ಇಲ್ಲ, ಬರ್ಕೋ ಪುಟ್ಟಿ."

ಸಾನ್ವಿ ಬರೆದುಕೊಳ್ಳುವುದನ್ನು ಮಲ್ಲವ್ವ ನೋಡಿದಳು. ಒಂಬತ್ತು ವರ್ಷ ಯಾರಿಗೂ ಹೇಳದ ಮಾತು ಬಾಯಿಗೆ ಬಂತು.

"ಸತ್ತ ಮ್ಯಾಲೂ ಮುರಿತಾವರಿ ಎಲವು."

ಇಬ್ಬರೂ ತಿರುಗಿದರು.

"ನಮ್ಮೊಳಗ ಸುಡೂದಿಲ್ಲ, ಕುಂಡ್ರಿಸಿ ಮಣ್ಣು ಮಾಡ್ತೀವಿ. ಮೈ ಸೆಟೆಯೂದರೊಳಗ ಕಾಲು ಮಡಚಿ ಕುಂಡ್ರಿಸಬೇಕು. ನಮ್ಮ ಮನಿಯವರನ್ನ ಐಸ್ ಪೆಟಗ್ಯಾಗ ಮಲಗಿಸಿದ್ವಿ, ಸೌಂದರ್ಯಾ ಇಲ್ಲಿಂದ ಬರಲಿ ಅಂತ. ಆಕಿಗೆ ಎರಡು ದಿವಸ ತಡಾ ಆತು. ಆಮ್ಯಾಲೆ ಕಾಲು ಮಡಚಲೇ ಇಲ್ಲ. ನಾಲ್ಕು ಮಂದಿ ಒತ್ತಿದರು. ಎಡಗಡೆ ತೊಡಿ ಲಟ್ ಅಂತು. ನಾ ತಲಿ ಹಿಡಕೊಂಡು ಕುಂತಿದ್ದೆ. ಸೌಂದರ್ಯಾ ಹೊರಗಿದ್ಲು, ಆಕಿಗೆ ಗೊತ್ತಿಲ್ಲ."

ಗೆಲ್ಲಬೇಕೆಂದು ಆಡಿದ ಮಾತು ಎಲ್ಲಿಗೆ ಹೋಗಿ ನಿಂತಿತೆಂದು ಆಮೇಲೆ ಮಲ್ಲವ್ವನಿಗೆ ತಿಳಿಯಿತು. ಸಾನ್ವಿ ಎದ್ದು ಬಂದು ಅಜ್ಜಿಗೆ ಒತ್ತಿ ಕೂತಳು. "ಅಮ್ಮಂಗೆ ಹೇಳಲ್ಲ ಅಜ್ಜಿ," ಎಂದಳು, ಕನ್ನಡದಲ್ಲೇ.

ಅಲಮೇಲಮ್ಮ ಸಾನ್ವಿ ಬರೆದುಕೊಂಡ ಸಾಲಿನ ಮೇಲೆ ಬೆರಳಿಟ್ಟರು. "ನಾನು ನೋಡಿದ್ದೆಲ್ಲ ಬದುಕಿದ್ದೋರ ಮೂಳೆ. ಅದನ್ನ ಹೊಡೆದುಹಾಕು ಪುಟ್ಟಿ. ಖಾತ್ರಿ ಇಲ್ಲ ಅಂತ ಬರಿ."

ತಿರುಗಿ ಬರುವಾಗ ಸಾನ್ವಿ ಹಿಂದಿನ ಸೀಟಿನಲ್ಲಿ, ಅಜ್ಜಿಯ ಹೆಗಲ ಮೇಲೆ ತಲೆಯಿಟ್ಟಿದ್ದಳು. ಹಂಟ್ಸ್‌ವಿಲ್ ತನಕ. ಅಲ್ಲಿ ಪೆಟ್ರೋಲಿಗೆ ನಿಂತಾಗ ಮತ್ತೆ ಮುಂದೆ ಹೋದಳು.

ಫೆಬ್ರವರಿಯ ಫೇರಿನಲ್ಲಿ ಸಾನ್ವಿಯ ಬೋರ್ಡಿನ ಕೆಳಗೆ ಸಹಾಯ ಮಾಡಿದವರ ಎರಡು ಹೆಸರಿದ್ದವು, ಅಜ್ಜಿಯದು ಮತ್ತು ಆಂಟಿಯದು. ಮಲ್ಲವ್ವನಿಗೆ ಇಂಗ್ಲಿಷ್ ಬರದು. ಮೇಲಿನದು ಯಾರದೆಂದು ಮಗಳನ್ನು ಕೇಳಿದಳು.

"ಅಲಮೇಲು ಆಂಟಿದು. ಯಾಕವ್ವ?"

"ಸುಮ್ನ ಕೇಳಿದೆ," ಎಂದಳು. ಎರಡು ದಿನ ಊಟ ರುಚಿಸಲಿಲ್ಲ.

ಏಪ್ರಿಲ್ ಮೊದಲ ವಾರ ಅಲಮೇಲಮ್ಮ ಮನೆಯ ಮುಂದೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆದ ಮೇಲೆ ಅವರ ತಮ್ಮ ವೆಂಕಟಗಿರಿ ಆಸ್ಟಿನ್ನಿನ ತನ್ನ ಮನೆಗೆ ಕರೆದುಕೊಂಡು ಹೋದ. ಸಾನ್ವಿ ಒಂದು ಕಾರ್ಡು ಮಾಡಿದಳು. ಮೇಲೆ ಕಿರೀಟ ಹಾಕಿಕೊಂಡ ಎಲುಬು, ಕೆಳಗೆ "ಉಸಿರು ಹಿಡೀರಿ, ಬಿಡಿ" ಅಂತ ತಾಯಿಯಿಂದ ಕಲಿತು ಸೊಟ್ಟ ಕನ್ನಡದಲ್ಲಿ ಬರೆದಿದ್ದಳು. ಅಜ್ಜಿಯ ಹುಟ್ಟುಹಬ್ಬದ ಕಾರ್ಡನ್ನೂ ಅವಳು ಕನ್ನಡದಲ್ಲಿ ಬರೆದದ್ದಿಲ್ಲವೆಂದು ಮಲ್ಲವ್ವನಿಗೆ ನೆನಪಾಯಿತು. ಅಂಚೆ ಡಬ್ಬಿಗೆ ಹಾಕು ಅಜ್ಜಿ ಎಂದು ಕೈಗೆ ಕೊಟ್ಟು ಸಾನ್ವಿ ಸ್ಕೂಲ್ ಬಸ್ಸಿಗೆ ಓಡಿದಳು.

ಕಾರ್ಡು ಐದು ವಾರ ಮಲ್ಲವ್ವನ ಇಳಕಲ್ ಸೀರೆಗಳ ನಡುವೆ ಇತ್ತು. "ಆಂಟಿ ಏನಾದ್ರೂ ಹೇಳಿದ್ರಾ?" ಎಂದು ಸಾನ್ವಿ ದಿನಾ ಕೇಳುತ್ತಿದ್ದಳು. "ಇಲ್ಲವ್ವ, ಆರಾಮಿಲ್ಲ ಅವರಿಗೆ, ಫೋನ್ ಮಾಡಿ ತ್ರಾಸು ಕೊಡಬ್ಯಾಡ," ಎನ್ನುತ್ತಿದ್ದಳು ಮಲ್ಲವ್ವ. ಪ್ರತಿ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಆಸ್ಟಿನ್ನಿನಿಂದ ಅಲಮೇಲಮ್ಮನ ಫೋನು ಬರುತ್ತಿತ್ತು. ಆಗ ಹುಡುಗಿ ಶಾಲೆಯಲ್ಲಿರುತ್ತಿದ್ದಳು.

ಮೇ ಹದಿನಾಲ್ಕರಂದು ಬಂದದ್ದು ಕೊನೆಯ ಫೋನು. ಅದೇ ಶುಕ್ರವಾರ ಅವರು ತೀರಿಕೊಂಡರು. ಆ ಫೋನಿನಲ್ಲಿ ದನಿ ಸಣ್ಣದಾಗಿತ್ತು. ಮಲ್ಲವ್ವನ ಮೊಳಕಾಲು ಹ್ಯಾಗಿದೆ ಎಂದರು, ಸೌಂದರ್ಯಾ ಹ್ಯಾಗಿದ್ದಾಳೆ ಎಂದರು. ಆಮೇಲೆ ಉಸಿರು ತೆಗೆದುಕೊಂಡು, ತುಸು ತಡೆದು, ಕೇಳಿದರು:

"ಮಲ್ಲವ್ವನೋರೇ, ಪುಟ್ಟಿ ನನ್ನ ನೆನೆಸ್ಕೋತಾಳಾ?"