ಯಾರೂ ಕೂಗದ ದಿನ

ಆಫೀಸಿನಲ್ಲಿ ಅವರಿಗೆ ಹಾಜರಿ ಮೇಷ್ಟ್ರು ಎಂದೇ ಹೆಸರು. ಬೆಳಿಗ್ಗೆ ಬಂದು ಕೂತವರೇ ಕಂಪನಿಯ ದೂರದ ಶಾಖೆಗಳನ್ನೆಲ್ಲ ಒಂದೊಂದಾಗಿ ಕರೆಯುತ್ತಾರೆ. ಪ್ರತಿ ಶಾಖೆಯ ಲೈನೂ ರೌಟರಿನ ಒಂದೊಂದು ಇಂಟರ್‌ಫೇಸಿಗೆ, ಎಂದರೆ ಒಂದೊಂದು ಬಾಗಿಲಿಗೆ, ಬಂದು ಸೇರುತ್ತದೆ. ಬಾಗಿಲಾಚೆಗೆ ‘ಇದ್ದೀಯಾ?’ ಎಂದು ಪಿಂಗ್ ಕಳಿಸುವುದು. ಇದ್ದರೆ ಪರದೆಯ ಮೇಲೆ ಆಶ್ಚರ್ಯಚಿಹ್ನೆಗಳ ಸಾಲು, ಇಲ್ಲದಿದ್ದರೆ ಬರೀ ಚುಕ್ಕೆ. ಅರ್ಧ ಆಯುಷ್ಯ ಇದರಲ್ಲೇ ಸವೆದಿದೆ. ಕೂದಲು ಉದುರಿತೇ ಹೊರತು ಬಡ್ತಿ ಸಿಗಲಿಲ್ಲ.

ಮನುಷ್ಯ ಕೆಟ್ಟವರಲ್ಲ, ನಾಲಗೆಗೆ ಮಾತ್ರ ಎಲುಬಿಲ್ಲ. ಲೈನ್ ಹೋಯಿತೆಂದು ಫೋನ್ ಮಾಡಿದವರಿಗೆಲ್ಲ ಮಂಗಳಾರತಿ. ಸ್ವಂತ ಅಕ್ಕನ ಗಂಡನನ್ನೂ ಬಿಟ್ಟಿರಲಿಲ್ಲ. ಭಾವ ಅದೇ ಕಂಪನಿಯ ಮೂಲೆಯ ಗೋದಾಮೊಂದರಲ್ಲಿ ಒಂಟಿ ಗುಮಾಸ್ತ. ಲೈನು ಮಿಸುಕಿದರೆ ಸಾಕು, ಅವರ ಫೋನು. ಹೋದ ವರ್ಷ ಅಕ್ಕನ ಮನೆಯಲ್ಲಿ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಮೇಷ್ಟ್ರು ಅಂದುಬಿಟ್ಟರು:

“ಭಾವ, ಲೈನ್ ಹೋದ ತಕ್ಷಣ ಫೋನ್ ಮಾಡಿ ನನ್ನ ತಲೆ ತಿನ್ಬೇಡಿ. ಸುಮ್ನೆ ಕೂತ್ಕೊಂಡು ಕಾಯಿರಿ, ತಾನಾಗೇ ಬರುತ್ತೆ. ನಿಮ್ಮ ಗೋದಾಮೇನು ಆಸ್ಪತ್ರೆನಾ?”

ಎಲ್ಲರೂ ನಕ್ಕರು. ಭಾವನೂ ನಕ್ಕರು, ಆದರೆ ತಟ್ಟೆಯಿಂದ ತಲೆ ಎತ್ತಲಿಲ್ಲ.

ಈಗ ಕಂಪನಿಗೆ ಖರ್ಚು ಇಳಿಸುವ ಹುಚ್ಚು. ಯಾವ ಶಾಖೆ ಬೇಕು, ಯಾವುದು ಬೇಡ ಎಂದು ತಿಳಿಯಲು ಈ ಕಸುಬಿನವರಲ್ಲಿ ಒಂದು ಪದ್ಧತಿಯಿದೆ: ಹೇಳದೆ ಕೇಳದೆ ರೌಟರಿನಲ್ಲಿ ಅದರ ಬಾಗಿಲು ಮುಚ್ಚುವುದು, ಲೈನಿಲ್ಲವೆಂದು ಯಾರಾದರೂ ಫೋನ್ ಮಾಡಿ ಕೂಗುತ್ತಾರಾ ಎಂದು ಕಾಯುವುದು. ಕೂಗಿದರೆ ಉಳಿಯಿತು, ಸಂಜೆಯವರೆಗೂ ಯಾರೂ ಕೂಗದಿದ್ದರೆ ಶಾಖೆಗೇ ಬೀಗ. ಅಳುವ ಮಗುವಿಗೇ ಹಾಲು. ಇದನ್ನು ಜಾಣತನ ಎಂದವರ ಜಾಣತನಕ್ಕಿಷ್ಟು ಬೆಂಕಿ ಹಾಕ!

ಆ ದಿನ ಮೇಲಧಿಕಾರಿ ಮೇಡಂ ತೋರಿಸಿದ್ದು ಭಾವನ ಗೋದಾಮಿನ ಬಾಗಿಲನ್ನು.

“ಗೊತ್ತಲ್ಲ, ಯಾರಿಗೂ ಮುಂಚೆ ಹೇಳೋ ಹಾಗಿಲ್ಲ” ಎಂದರು. ಹಿಂದೆ ಗೆಳೆಯನಿಗೆ ಸುಳಿವು ಕೊಟ್ಟವನೊಬ್ಬ ಅದೇ ವಾರ ಕೆಲಸ ಕಳೆದುಕೊಂಡಿದ್ದ.

ಭಾವನ ಸಂಬಳ ನಿಂತರೆ ಅಕ್ಕನ ಮನೆಯ ಒಲೆಯೂ ನಿಂತಂತೆ. ಆದರೂ ಮೇಷ್ಟ್ರು ಒಳಗೊಳಗೇ ಧೈರ್ಯ ತಂದುಕೊಂಡರು. ಭಾವ ಸುಮ್ಮನಿರುವ ಆಸಾಮಿಯೇ? ಈಗ ಹೊಡೆದುಕೊಳ್ಳುತ್ತದೆ ಫೋನು. ಬಾಗಿಲು ಮುಚ್ಚಿದರು, ಪಿಂಗ್ ಕಳಿಸಿದರು. ಚುಕ್ಕೆ, ಚುಕ್ಕೆ, ಚುಕ್ಕೆ.

ಫೋನು ಹೊಡೆದುಕೊಳ್ಳಲಿಲ್ಲ. ರಿಸೀವರ್ ಎತ್ತಿ ನೋಡಿದರು, ಸರಿಯಾಗಿಯೇ ಇತ್ತು. ಮಧ್ಯಾಹ್ನ ಡಬ್ಬಿ ಬಿಚ್ಚಿ ತುತ್ತು ಎತ್ತಿದಾಗ ತಟ್ಟೆಯಿಂದ ಏಳದ ಭಾವನ ತಲೆ ಕಣ್ಣಿಗೆ ಬಂತು. ತುತ್ತನ್ನು ಡಬ್ಬಿಗೇ ಹಾಕಿ ಮುಚ್ಚಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೊಬೈಲು ಹಿಡಿದು ಮೆಟ್ಟಿಲವರೆಗೆ ಹೋದರು. ಹೇಳಿದರೆ ತನ್ನ ಮನೆ ಬೀದಿಗೆ, ಹೇಳದಿದ್ದರೆ ಅಕ್ಕನ ಮನೆ. ಇತ್ತ ದರಿ, ಅತ್ತ ಪುಲಿ. ಹಾಗೇ ವಾಪಸ್ ಬಂದು ಕೂತರು. ಹೇಡಿತನ ಎನ್ನಿ, ಹೊಟ್ಟೆಪಾಡು ಎನ್ನಿ.

ಸಂಜೆ ಮೇಡಂ ಬಂದರು. “ಯಾರೂ ಕೂಗ್ಲಿಲ್ಲ ತಾನೆ?”

“ಮೇಡಂ, ಇನ್ನೊಂದು ದಿನ ನೋಡೋಣ್ವಾ?”

“ಯಾಕೆ? ಅಲ್ಲಿರೋದು ನಿಮ್ಮ ಸಂಬಂಧಿಕರಂತೆ, ಅದಕ್ಕಾ?”

ಮೇಷ್ಟ್ರು ಕೀಬೋರ್ಡಿನ ಕಡೆ ತಿರುಗಿದರು. ಆ ಇಂಟರ್‌ಫೇಸಿನ ಸೆಟ್ಟಿಂಗನ್ನೆಲ್ಲ ತಮ್ಮ ಕೈಯಾರೆ ಅಳಿಸಿದರು. ಗೋದಾಮು ಬೇಡವೆಂಬ ವರದಿ ಅಲ್ಲೇ, ಅವರ ಕಣ್ಣೆದುರೇ, ಮೇಲಕ್ಕೆ ಹೋಯಿತು.

ಬೀದಿಗೆ ಇಳಿದ ಮೇಲೆ ಭಾವನಿಗೆ ಫೋನ್ ಮಾಡಿದರು. ಮೊದಲ ರಿಂಗಿಗೇ ಎತ್ತಿದರು.

“ನೀನೇ ಮಾಡಿದ್ಯಲ್ಲ, ಒಳ್ಳೇದಾಯ್ತು ಕಣೋ. ಬೆಳಿಗ್ಗೆಯಿಂದ ಲೈನಿಲ್ಲ. ಲಾರಿಗಳು ಬಂದು ನಿಂತಿವೆ, ಡ್ರೈವರುಗಳು ಬಾಯಿಗೆ ಬಂದ ಹಾಗೆ ಬಯ್ತಿದಾರೆ. ಫೋನ್ ಮಾಡೋಣ ಅಂತ ಎರಡು ಸಲ ಕೈಗೆ ತಗೊಂಡೆ. ನಿನಗೆ ತೊಂದ್ರೆ ಬೇಡ ಅಂತ ಇಟ್ಬಿಟ್ಟೆ.”

“ಭಾವ, ಮನೆಗೆ ಹೋಗಿ.”

“ನೀನೇ ಹೇಳಿದ್ಯಲ್ಲಪ್ಪ, ಕಾದ್ರೆ ತಾನಾಗೇ ಬರುತ್ತೆ ಅಂತ. ಬರ್ಲಿ, ಆಮೇಲೆ ಹೋಗ್ತೀನಿ.”