ಅಂಬವ್ವನಿಗೆ ಹೇಳದೆ ಬಿಟ್ಟ ಭಾನುವಾರ

ಅಂಬವ್ವ, ನಿಮ್ಮ ಕಾದಂಬರಿ ಆ ವರ್ಷದ ಬಹುಮಾನದ ಪಟ್ಟಿಯಲ್ಲಿತ್ತು. ಇಲ್ಲವೆಂದು ನಿಮ್ಮ ಮುಖ ನೋಡಿಕೊಂಡೇ ಸುಳ್ಳು ಹೇಳಿದವನು ನಾನು. ಯಾರೂ ಓದಲೇ ಇಲ್ಲ ಎಂದೂ ಹೇಳಿದೆ — ಅದು ಇನ್ನೂ ದೊಡ್ಡ ಸುಳ್ಳು. ನಾನು ಎರಡು ಸಲ ಓದಿದ್ದೆ.

ಹನ್ನೊಂದು ವರ್ಷವಾಯಿತು. ನೀವು ಎಲ್ಲಿದ್ದೀರೋ, ಇದು ನಿಮ್ಮ ಕೈಗೆ ಸಿಗುತ್ತದೋ ಇಲ್ಲವೋ — ಆದರೂ ನಿಮಗೇ ಬರೆಯುತ್ತಿದ್ದೇನೆ. ಸಂಘದವರು ಬಹುಮಾನದ ಇತಿಹಾಸ ಬರೆದುಕೊಡಿ ಎಂದು ನನಗೇ ಒಪ್ಪಿಸಿದ್ದಾರೆ, ನಾನು ಹಳಬನಂತೆ, ನಂಬಿಗಸ್ತನಂತೆ. ಆ ವರ್ಷದ ಐದು ಹೆಸರುಗಳಲ್ಲಿ ನಾಲ್ಕನ್ನು ಬರೆದೆ. ಮುಂದೆ ಕೈ ಓಡಲಿಲ್ಲ.

ಆಗ ನಾನು ನಾರಾಯಣಗೂಡದ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ಅಜ್ಜನ ಕಾಲದಿಂದ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿ ಮಾಡಿಕೊಂಡು, ಬೀದಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಎಂದು ಬದುಕಿದ ನಮ್ಮಂಥವರಿಗೆ ಆ ಬಹುಮಾನ ಬಹಳ ದೊಡ್ಡದು. ಹೊರಗಿನವರಿಗೆ ನಗು ಬರಬಹುದು, ಬರಲಿ. ಹಸ್ತಪ್ರತಿಗಳನ್ನು ಮೊದಲು ಓದಿ ಆರಿಸುವ ಕೆಲಸ ನನ್ನದು. ಆಯ್ಕೆಯಾದ ಐವರು ಗೊತ್ತುಮಾಡಿದ ಭಾನುವಾರ ಬಂದು ತಮ್ಮ ಬರಹದ ಕೆಲವು ಪುಟಗಳನ್ನು ಸಭೆಗೆ ತಾವೇ ಓದಿ ಹೇಳಬೇಕು. ಬಾರದವರ ಹೆಸರು ಬಿಟ್ಟುಹೋಗುತ್ತದೆ. ಸಂಘದ ಹಳೆಯ ಪದ್ಧತಿ ಅದು; ಓದಿದವರ ಪ್ರತಿಗಳನ್ನಷ್ಟೇ ತೀರ್ಪುಗಾರರು ಮುಟ್ಟುತ್ತಿದ್ದರು.

ನೀವು ಮೂರು ಶಾಲೆ ವಹಿಗಳನ್ನು ಸಿಮೆಂಟಿನ ಚೀಲದಲ್ಲಿ ಸುತ್ತಿಕೊಂಡು ತಂದಿದ್ದಿರಿ. ಯಾದಗಿರಿ ಕಡೆಯವರು, ಮೆಹದಿಪಟ್ಟಣಂನಲ್ಲಿ ಕಟ್ಟಡದ ಕೆಲಸ. ವಿಳಾಸ ಕೇಳಿದೆ.

"ಶೆಡ್ಡಿಗೆ ಪತ್ರ ಬರೂದಿಲ್ರಿ ಸರ. ಫೋನು ಮೇಸ್ತ್ರಿ ಕೈಯಾಗ ಐತಿ, ಅಂವ ಹೇಳೂದಿಲ್ಲ. ಏನರ ಇದ್ರ ನೀವ ಬಂದು ಹೇಳ್ರಿ."

ಬರುತ್ತೇನೆ ಎಂದು ಮಾತು ಕೊಟ್ಟೆ.

ಒಂದೇ ತಗಡಿನ ಶೆಡ್ಡು, ಒಂದೇ ಒಲೆ, ಅಣ್ಣತಮ್ಮಂದಿರ ಹೆಂಡಿರಾಗಿ ಬಂದು ಮಾತು ಬಿಟ್ಟ ಇಬ್ಬರು ನೆಗೆಣ್ಣಿಯರು — ಇಷ್ಟೇ ನಿಮ್ಮ ಕಥೆ. ಒಬ್ಬಳು ಬಸುರಿ ಎಂದು ಇನ್ನೊಬ್ಬಳಿಗೆ ತಿಳಿಯುವುದು ಅವಳು ಉಣ್ಣದೆ ಬಿಟ್ಟ ಅನ್ನದಿಂದ. ಮಾರನೆಯ ದಿನ ಒಲೆಯ ಪಕ್ಕ ಒಂದು ಹುಳಿ ಮಾವಿನಕಾಯಿ ಇರುತ್ತದೆ, ಇಟ್ಟವರು ಯಾರೆಂದು ಇಬ್ಬರೂ ಬಾಯಿ ಬಿಡುವುದಿಲ್ಲ. ಅಲ್ಲಿ ನನ್ನ ಕಣ್ಣು ತುಂಬಿತು. ಜೊತೆಗೇ, ಇದು ಗೆಲ್ಲಬಾರದು ಎಂದೂ ಅನಿಸಿತು.

ಯಾಕೆಂದರೆ ಆ ಪಟ್ಟಿಯಲ್ಲಿ ನನ್ನ ಹೆಂಡತಿ ಸುಮಿತ್ರೆಯೂ ಇದ್ದಳು. ಅವಳದನ್ನು ಅಧ್ಯಕ್ಷರೇ ಓದಿ ಸೇರಿಸಿದ್ದರು. ಹಿಂದೆ ಎರಡು ಸಲ ಪಟ್ಟಿಗೆ ಬಂದು ಸೋತಿದ್ದಳು. ಎರಡನೆಯ ಸಲ ಸೋತಾಗ ಎಷ್ಟೋ ದಿನ ಬರೆಯುವ ಮಣೆಯನ್ನೇ ಮುಟ್ಟಿರಲಿಲ್ಲ. ಮೂರನೆಯ ಸಲವೂ ಹಾಗಾದರೆ ಅವಳು ಬರೆಯುವುದನ್ನೇ ಬಿಡುತ್ತಾಳೆ — ನನಗೆ ನಾನೇ ಹೀಗೆ ಹೇಳಿಕೊಂಡೆ.

ನಾನು ಬಂದಿದ್ದೆ, ಅಂಬವ್ವ. ಇದನ್ನು ಯಾರಿಗೂ ಹೇಳಿಲ್ಲ. ಮೆಹದಿಪಟ್ಟಣಂ ಬಸ್ಸಿಳಿದು ಕಟ್ಟಡ ಹುಡುಕಿ ರಸ್ತೆಯಾಚೆ ನಿಂತೆ. ನೀವು ಮರಳಿನ ಬುಟ್ಟಿ ಹೊತ್ತು ಹಲಗೆ ಏರುತ್ತಿದ್ದಿರಿ. ಒಂದು ಸಲ ಕೂಗಿದ್ದರೆ ಕೇಳುತ್ತಿತ್ತು. ಎಷ್ಟು ಹೊತ್ತು ನಿಂತೆನೋ — ನೀವು ನಾಲ್ಕು ಸಲ ಏರಿ ಇಳಿದಿರಿ. ಆಮೇಲೆ ಬಂದ ಬಸ್ಸು ಹತ್ತಿ ವಾಪಸಾದೆ.

"ಊರಿಗೆ ಹೋಗ್ಯಾರಂತ, ಸಿಗಲಿಲ್ಲ," ಎಂದು ಸಮಿತಿಗೆ ಹೇಳಿದೆ. ಅಧ್ಯಕ್ಷರು ನಿಮ್ಮ ಹೆಸರಿನ ಮೇಲೆ ಗೆರೆ ಎಳೆದರು. ಬಹುಮಾನ ಸುಮಿತ್ರೆಗೆ ಬಂತು.

ಮುಂದಿನ ವಾರ ನೀವೇ ಸಂಘಕ್ಕೆ ಬಂದಿರಿ, ಕಾಲಿಗೆ ಇನ್ನೂ ಸುಣ್ಣ ಮೆತ್ತಿತ್ತು.

"ನಂದು ಏನಾತ್ರಿ ಸರ?"

"ಪಟ್ಟಿಗೆ ಬರಲಿಲ್ಲರಿ."

"ಹೋಗ್ಲಿ ಬಿಡ್ರಿ. ಯಾರರ ಓದಿದ್ರೇನ್ರಿ?"

ಹೌದು ಎಂದಿದ್ದರೆ, "ಹೆಂಗಿತ್ತು ಹೇಳ್ರಿ" ಎಂದು ನೀವು ಕೇಳುತ್ತಿದ್ದಿರಿ. ನನ್ನ ಬಾಯಿಂದ ನಿಜ ಬಿದ್ದುಬಿಡುತ್ತಿತ್ತು.

"ಇಲ್ಲರಿ. ಭಾಳ ಬಂದಿದ್ವು. ಓದಾಕ ಆಗಲಿಲ್ಲ."

ನಾನು ಮುಂದೆ ಚಾಚಿದ ವಹಿಗಳನ್ನು ನೀವು ತೆಗೆದುಕೊಳ್ಳಲಿಲ್ಲ. "ಯಾರೂ ಓದಲಾರದ್ದ ಹೊತ್ಕೊಂಡು ಎಲ್ಲಿ ತಿರಗ್ಲಿ. ಒಲಿ ಹಚ್ಚಾಕ ಬರ್ತಾವು, ಇಟಗೋರಿ."

ತಿಂಗಳಾದ ಮೇಲೆ ಮತ್ತೆ ಮೆಹದಿಪಟ್ಟಣಂಗೆ ಹೋದೆ. ಶೆಡ್ಡು ಕಿತ್ತಿದ್ದರು. ನಿಮ್ಮ ಗುಂಪು ಎಲ್ಲಿಗೆ ಹೋಯಿತೆಂದು ಕಾವಲಿನವನಿಗೂ ಗೊತ್ತಿರಲಿಲ್ಲ. ಆಗಲೂ, ಸಿಕ್ಕಿದ್ದರೆ ಹೇಳುತ್ತಿದ್ದೆನೋ ಇಲ್ಲವೋ — ಆಣೆ ಮಾಡಿ ಹೇಳಲಾರೆ.

ಇಲ್ಲಿಯವರೆಗೆ ಬರೆದದ್ದನ್ನು ನಿನ್ನೆ ಬೆಳಿಗ್ಗೆ ಸುಮಿತ್ರೆಯ ಕೈಗೆ ಕೊಟ್ಟೆ. ನಾನು ಬರೆದದ್ದನ್ನೆಲ್ಲ ಮೊದಲು ಓದುವವಳು ಅವಳೇ. ಓದಿ ಮುಗಿಸಿ ಒಂದೇ ಮಾತು ಕೇಳಿದಳು: "ಆ ವಹಿ ಎಲ್ಲಿ ಅದಾವ?"

ಕಪಾಟಿನ ತಳದಿಂದ ತೆಗೆದು ಕೊಟ್ಟೆ. ಸಂಜೆಯವರೆಗೆ ಕಿಟಕಿಯ ಬಳಿ ಕುಳಿತು ಓದಿದಳು. ಊಟಕ್ಕೂ ಏಳಲಿಲ್ಲ. ಕೊನೆಗೆ ಕನ್ನಡಕ ತೆಗೆದು ನನ್ನನ್ನು ನೋಡಿದಳು.

"ನನ್ನದಕ್ಕಿಂತ ಇದು ಚಲೋ ಐತಿ ಅಂತ ನಿಮಗ ಆಗಲೇ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ನನ್ನನ್ನ ಸೋಲಾಕ ಬಿಡಬೇಕಿತ್ತು."

ನಾನು ಕೆಡಿಸಿದ್ದು ನಿಮ್ಮದೊಂದನ್ನೇ ಅಲ್ಲ, ಅವಳ ಹನ್ನೊಂದು ವರ್ಷಗಳ ಸಂತೋಷವನ್ನೂ — ಅದು ನನಗೆ ತಿಳಿದದ್ದು ಆಗ.

ಐದನೆಯ ಹೆಸರನ್ನು ಬರೆದಿದ್ದೇನೆ. ಬರುವ ಭಾನುವಾರ ಸಂಘದ ಸಭೆ. ನಿಮ್ಮ ವಹಿಯ ಮೊದಲ ಪುಟಗಳನ್ನು ಸುಮಿತ್ರೆ ಓದುತ್ತಾಳಂತೆ. ಅದನ್ನು ಅವಳು ಯಾಕೆ ಓದುತ್ತಿದ್ದಾಳೆ, ನೀವು ಯಾಕೆ ಓದಲಿಲ್ಲ ಎಂಬುದನ್ನು ಅದಕ್ಕೂ ಮೊದಲು ಎದ್ದು ನಿಂತು ನಾನು ಹೇಳಬೇಕು.