ಟವಲ್ಲಿನ ಕೆಳಗಿನ ಮೊಬೈಲು

ಟೈ ಕಟ್ಟಿಕೊಂಡು ನಗುವ ಮಾರಾಟಗಾರರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಇದಕ್ಕೆ ಕಾರಣ ತೊಂಬತ್ತರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕದಲ್ಲಿ ತೆರೆದಿದ್ದ ಒಂದು ಮೊಬೈಲ್ ಕಂಪನಿಯ ಅಂಗಡಿ. ಗಾಜಿನ ಬಾಗಿಲು, ಮೈ ನಡುಗಿಸುವ ಏಸಿ, ಕೌಂಟರಿನ ಮೇಲೆ ದೇವರ ಹಾಗೆ ಕೂರಿಸಿದ್ದ ನಾಲ್ಕೈದು ಫೋನು. ಫೋನು ಮಾಡಿದವನಿಂದಲೂ ದುಡ್ಡು ಕೀಳುವ, ಎತ್ತಿಕೊಂಡವನಿಂದಲೂ ಕೀಳುವ ಕಾಲ ಅದು. ಆದರೂ ಅಲ್ಲಿದ್ದವರ ಮುಖದಲ್ಲಿ ನಮಗೇನೋ ದಾನ ಕೊಡುತ್ತಿರುವ ಕಳೆ ಇತ್ತು.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ನನ್ನ ಸೋದರಮಾವ. ಹೊಸಹೊಳಲಿನ ಹತ್ತಿರದ ಹಳ್ಳಿಯವರು, ದನದ ದಲ್ಲಾಳಿ. ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ, ಎಲ್ಲಿ ಒಳ್ಳೆಯ ಜೋಡಿ ಎತ್ತು ಮಾರಾಟಕ್ಕಿದ್ದರೂ ಮಾವನ ಕಿವಿಗೆ ಬೀಳುತ್ತಿತ್ತು. ಅವರ ವ್ಯಾಪಾರವೆಲ್ಲ ಹೆಗಲ ಮೇಲಿನ ಟವಲ್ಲಿನ ಕೆಳಗೆ. ಎದುರಿನವನ ಕೈಯನ್ನು ಟವಲ್ಲಿನೊಳಗೆ ಎಳೆದುಕೊಂಡು ಬೆರಳು ಹಿಡಿಯುವುದು. ಎಷ್ಟು ಬೆರಳು ಹಿಡಿದರೆ ಅಷ್ಟು ಸಾವಿರ, ಅರ್ಧ ಬೆರಳಿಗೆ ಐನೂರು. ಸುತ್ತ ನಿಂತವರಿಗೆ ಏನೂ ಕಾಣದು. ದಲ್ಲಾಳಿ ಒಂದು ಬೆರಳನ್ನೂ ಮುಟ್ಟದೆ ಕೈ ಹಿಂದಕ್ಕೆ ತೆಗೆದುಕೊಂಡನೆಂದರೆ, ಈ ಮಾಲು ತನಗೆ ಯಾವ ಬೆಲೆಗೂ ಬೇಡ ಎಂದರ್ಥ. ಅದು ಮಾರುವವನಿಗೆ ಆಗುವ ದೊಡ್ಡ ಅವಮಾನ.

ಮಾವನಿಗೆ ಮೊಬೈಲು ಬೇಕಾಗಿದ್ದು ಶೋಕಿಗಲ್ಲ. ಮನೆಗೆ ಫೋನು ಬೇಕೆಂದು ಅರ್ಜಿ ಹಾಕಿ ವರ್ಷಗಳೇ ಆಗಿದ್ದವು. ಊರಿಗೆ ಕಂಬ ಬಂದಿತ್ತು, ತಂತಿ ಬಂದಿರಲಿಲ್ಲ. ಕೆ.ಆರ್. ಪೇಟೆಯ ಎಸ್‌ಟಿಡಿ ಬೂತಿಗೆ ಅವರಿಗೆಂದು ಬಂದ ಸುದ್ದಿ ಬೇರೆ ದಲ್ಲಾಳಿಗಳ ಕಿವಿಗೆ ಮೊದಲು ಬೀಳುತ್ತಿತ್ತು. ಆ ವಾರ ನಾಗಮಂಗಲದ ಕಡೆಯ ರೈತನೊಬ್ಬ ತನ್ನ ಎತ್ತಿನ ಜೋಡಿಯನ್ನು ಮಾರಲು ಕಟ್ಟಿದ್ದ. ಬೆಳಗೊಳದ ಒಬ್ಬರು ನೋಡಿ ಮೆಚ್ಚಿದ್ದರು, ಮನೆಯವರನ್ನು ಕೇಳಿ ಎರಡು ದಿನದಲ್ಲಿ ಫೋನು ಮಾಡುತ್ತೇನೆಂದಿದ್ದರು. "ನಾನು ಮಾತು ತರೋಗಂಟ ಬ್ಯಾರೆಯವ್ರಿಗೆ ಕೊಡ್ಬ್ಯಾಡ ಕಣಪ್ಪ" ಎಂದು ಮಾವ ರೈತನನ್ನು ಒಪ್ಪಿಸಿ ಮಾತು ಕೊಟ್ಟಿದ್ದರು. ಅವರ ಬಳಿ ಇದ್ದ ಬಂಡವಾಳ ಆ ಮಾತೊಂದೇ.

ನಾನು ಬಿ.ಎ. ಮುಗಿಸಿ ಕೆ.ಆರ್. ಪೇಟೆಯ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. "ಅಲ್ಲಿ ಎಲ್ಲಾ ಇಂಗ್ಲೀಸ್ನಲ್ಲೇ ಬರ್ದಿರ್ತಾರೆ. ನೀನು ಓದಿ ಯೋಳು ಸಾಕು, ಯಾಪಾರ ನಾನು ಮಾಡ್ತೀನಿ" ಎಂದು ಮಾವ ನನ್ನನ್ನು ಬಸ್ಸು ಹತ್ತಿಸಿದರು. ನನ್ನ ಕೆಲಸ ಅಷ್ಟೇ, ಓದಿ ಹೇಳುವುದು.

ಮಾವ ಚಪ್ಪಲಿಯನ್ನು ಗಾಜಿನ ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದರು. ಕೌಂಟರಿನ ಹುಡುಗಿ ತುಟಿ ಕಚ್ಚಿ ನಕ್ಕಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕುರ್ಚಿ ತೋರಿಸಿದರೆ ಮಾವ ಕೂರಲಿಲ್ಲ. ಕೂತು ವ್ಯಾಪಾರ ಮಾಡಿದವರೇ ಅಲ್ಲ ಅವರು. ಫೋನನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ, ಗುಂಡಿಗಳನ್ನು ಎತ್ತಿನ ಹಲ್ಲು ನೋಡುವ ಹಾಗೆ ಒಂದೊಂದಾಗಿ ನೋಡಿ, "ಎಷ್ಟು?" ಎಂದರು.

ಟೈನವನು ಹೇಳಿದ ಬೆಲೆಗೆ ಒಳ್ಳೆಯ ಹೋರಿಕರು ಬರುತ್ತಿತ್ತು.

"ಕೊಡೋ ರೇಟು ಯೋಳಿ ಸಾ."

"ಯಜಮಾನ್ರೇ, ಇದು ಕಂಪನಿ ರೇಟು. ಇಲ್ಲಿ ಚೌಕಾಸಿ ಇಲ್ಲ."

"ಇಲ್ದೆ ಏನು? ಕೈ ಕೊಡಿ ಇಲ್ಲಿ" ಎಂದು ಮಾವ ಹೆಗಲಿನ ಟವಲ್ಲನ್ನು ಅವನ ಕೈ ಮೇಲೆ ಎಸೆದು ಒಳಗೆ ಬೆರಳು ಹಿಡಿದರು. ಅವನು ಕಚಗುಳಿ ಇಟ್ಟವನ ಹಾಗೆ ಕಿಸಕ್ಕನೆ ನಕ್ಕ. ಮಾವ ನಗಲಿಲ್ಲ. ಬೆರಳು ಬದಲಿಸಿದರು, ಅರ್ಧ ಬೆರಳಿಗೆ ಬಂದರು. ಟೈನವನು ಕೈ ಬಿಡಿಸಿಕೊಂಡು, ಮೇಲಿನವರನ್ನು ಕೇಳಿ ಬರುತ್ತೇನೆಂದು ಒಳಕೋಣೆಗೆ ಹೋದ.

ನಾನು ಗೋಡೆ ನೋಡಿದೆ. ಅಲ್ಲೊಂದು ದೊಡ್ಡ ಇಂಗ್ಲಿಷ್ ಪೋಸ್ಟರು. ಈ ತಿಂಗಳು ಕೊಂಡವರಿಗೆಲ್ಲ ಕನೆಕ್ಷನ್ ಚಾರ್ಜು ಇಲ್ಲ, ಚರ್ಮದ ಪೌಚು ಉಚಿತ ಎಂದಿತ್ತು. ಅದರ ಕೆಳಗೆ ಒಂದು ನಕ್ಷೆ. ಬೆಂಗಳೂರಿನಿಂದ ಮೈಸೂರಿನವರೆಗೆ ಹೆದ್ದಾರಿಯ ಉದ್ದಕ್ಕೂ ದಪ್ಪ ಕೆಂಪು ಗೆರೆ. ಫೋನು ಕೆಲಸ ಮಾಡುವುದು ಆ ಗೆರೆಯ ಮೇಲೆ ಮಾತ್ರ. ಕೆ.ಆರ್. ಪೇಟೆ, ನಾಗಮಂಗಲದ ಜಾಗವೆಲ್ಲ ಬರಿ ಬಿಳಿ. ಎರಡನ್ನೂ ನಾನು ಪೂರ್ತಿ ಓದಿದೆ.

ಟೈನವನು ಬೆವರು ಒರೆಸಿಕೊಳ್ಳುವ ನಾಟಕ ಆಡುತ್ತಾ ಬಂದ. ಆ ಏಸಿಯಲ್ಲಿ ಬೆವರು! "ನಿಮಗೋಸ್ಕರ ಕನೆಕ್ಷನ್ ಚಾರ್ಜು ಬಿಡಿಸಿದೀನಿ ಯಜಮಾನ್ರೇ. ಪೌಚು ಕೂಡ ಫ್ರೀ. ಯಾರಿಗೂ ಹೇಳ್ಬೇಡಿ." ಮಾವ ಗೆದ್ದ ಮುಖದಲ್ಲಿ ನನ್ನ ಕಡೆ ನೋಡಿದರು. ಟೈನವನು ಮುಂದುವರಿಸಿದ: "ಒಂದೇ ವಿಷಯ. ಟವರ್ ಕೆಳಗೆ ಇದ್ರೆ ಮಾತ್ರ ಮಾತಾಡೋಕೆ ಆಗೋದು."

"ಟವಲ್ ಕೆಳ್ಗೆ ಮಾತಾಡದು ನಮ್ಗೆ ಯೋಳ್ಕೊಡ್ಬೇಕಾ ಸಾ? ಅದು ನಮ್ ಕಸ್ಬು" ಎಂದರು ಮಾವ.

ಟೈನವನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನಾನೂ ನಕ್ಕೆ. ಅವನ ಗುಂಪಿನವನು ನಾನು, ಈ ಮುದುಕನ ಗುಂಪಿನವನಲ್ಲ ಎಂದು ಆ ಹುಡುಗಿಗೆ ಗೊತ್ತಾಗಬೇಕಿತ್ತು ನನಗೆ. ತಿಂಗಳಿಗೊಮ್ಮೆ ಸಂಬಳಕ್ಕೆ ಕೈಕಟ್ಟಿ ನಿಲ್ಲುವ ನನ್ನಂಥ ಮೇಷ್ಟ್ರಿಗೆ ಎಂಥಾ ಗುಂಪು! ಮಾವ ದುಡ್ಡು ಎಣಿಸಿಕೊಟ್ಟು, ಅಂಗಡಿಯ ಫೋನಿನಿಂದಲೇ ಬೆಳಗೊಳದವರಿಗೆ ಹೊಸ ನಂಬರು ಹೇಳಿದರು. ನಾನು ಬಾಯಿ ಬಿಡಲಿಲ್ಲ.

ನಾಲ್ಕನೆಯ ದಿನ ಶಾಲೆ ಮುಗಿಸಿ ಮಾವನ ಊರಿಗೆ ಹೋದೆ. ಮಾವ ಜಗಲಿಯ ಮೇಲೆ, ಉರಿಬಿಸಿಲಿನಲ್ಲಿ, ತಲೆಯ ತುಂಬ ಟವಲ್ಲು ಹೊದ್ದುಕೊಂಡು ಕೂತಿದ್ದರು. ಟವಲ್ಲಿನೊಳಗೆ ಫೋನು ಕಿವಿಗೆ ಒತ್ತಿ ಹಿಡಿದಿದ್ದರು. ಬೀದಿಯ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ಹೋಗುತ್ತಿದ್ದರು. ನನ್ನ ಸದ್ದು ಕೇಳಿ ಟವಲ್ಲು ಸರಿಸಿದ ಮಾವನ ಕಣ್ಣು ಕೆಂಪಾಗಿತ್ತು.

"ಅವ್ನು ಯೋಳ್ದಂಗೆ ಟವಲ್ ಕೆಳ್ಗೇ ಕೂತಿವ್ನಿ ಕಣ್ಲಾ. ನಾಕು ದಿನಾತು, ಒಂದ್ ಸದ್ದೂ ಇಲ್ಲ. ಟವಲ್ಲು ತೆಳ್ಳಗಾಯ್ತಾ ಏನ್ಕತೆ?"

ಆಗಲೂ ನಾನು ಹೇಳಬಹುದಿತ್ತು. ಬ್ಯಾಟರಿ ಸರಿಯಿಲ್ಲವೇನೋ ಎಂದೆ. ಥೂ.

ಮರುದಿನ ಇಬ್ಬರೂ ಬೆಳಗೊಳಕ್ಕೆ ಹೋದೆವು. ಅವರ ಕೊಟ್ಟಿಗೆಯಲ್ಲಿ ಆಗಲೇ ಬೇರೆ ಜೋಡಿ ಕಟ್ಟಿತ್ತು. "ನಾಕೈದ್ ಸಲ ಫೋನ್ ಮಾಡ್ದೆ ಕಣಪ್ಪ" ಎಂದರು ಅವರು. "ಯಾರೋ ಎಂಗ್ಸು ಇಂಗ್ಲೀಸ್ನಲ್ಲಿ ಏನೋ ಅಂದು ಕಟ್ ಮಾಡ್ಬುಟ್ಲು. ನೀನೇ ಯಾಪಾರ ಬ್ಯಾಡ ಅಂತ ಯೋಳ್ಸಿದಿಯೇನೋ ಅಂದ್ಕಂಡೆ." ನಾಗಮಂಗಲದ ರೈತ ಇವರ ಮಾತು ನಂಬಿ ಆ ವಾರದಲ್ಲಿ ಮೂರು ಜನ ಗಿರಾಕಿಗಳನ್ನು ವಾಪಸು ಕಳಿಸಿದ್ದ. ಅವನ ಮುಂದೆ ಈಗ ಯಾವ ಮುಖ ಇಟ್ಟುಕೊಂಡು ನಿಲ್ಲುವುದು?

ಅಲ್ಲಿಂದ ನೇರ ಅಂಗಡಿಗೆ ಬಂದೆವು. ಅದೇ ಟೈ, ಅದೇ ನಗು. ಒಮ್ಮೆ ಮಾರಿದ ಮಾಲು ವಾಪಸು ಇಲ್ಲ ಎಂದ. ಮಾವ ಟವಲ್ಲು ಎತ್ತಿ ಹಿಡಿದು, "ನೀನ್ ಯೋಳ್ದಂಗೇ ಇದ್ರ ಕೆಳ್ಗೇ ಕೂತಿದ್ದೆ ಕಣಯ್ಯ" ಎಂದರು. ಅಂಗಡಿಯವರೆಲ್ಲ ಗೊಳ್ಳೆಂದರು. ಟೈನವನು ನಗು ತಡೆದುಕೊಂಡು, ಟವಲ್ಲಲ್ಲ, ಟವರು ಎಂದು ಕಿಟಕಿಯಾಚೆ ಹೆದ್ದಾರಿಯ ಮಗ್ಗುಲಲ್ಲಿ ನಿಂತಿದ್ದ ಕಬ್ಬಿಣದ ಗೋಪುರವನ್ನು ತೋರಿಸಿದ. ಆಮೇಲೆ ಗೋಡೆಯ ನಕ್ಷೆಗೆ ಬೆರಳಿಟ್ಟ.

"ನಿಮ್ಮೂರಿಗೆ ಬರಲ್ಲ ಅಂತ ಇಲ್ಲೇ ಬರ್ದಿದೆಯಲ್ಲ ಸಾರ್. ನಿಮ್ ಜೊತೆ ಬಂದಿದ್ರಲ್ಲ, ಇವ್ರು ಅವತ್ತೇ ನಿಂತ್ಕೊಂಡು ಪೂರ್ತಿ ಓದಿದ್ರು. ನಾನು ನೋಡ್ದೆ."

ಮಾವ ನನ್ನ ಕಡೆ ತಿರುಗಿದರು.

"ಓದಿದ್ದೇನ್ಲಾ?"

ತಲೆ ಆಡಿಸಿದೆ. ಮಾವ ಫೋನನ್ನು ಪೌಚಿನೊಳಗೆ ಹಾಕಿ ಜೇಬಿಗಿಟ್ಟುಕೊಂಡು ಹೊರಗೆ ಬಂದರು. ಬಾಗಿಲ ಹತ್ತಿರ ಬಗ್ಗಿ ಚಪ್ಪಲಿ ಮೆಟ್ಟಿಕೊಂಡರು. ಬಸ್ಸು ನಿಲ್ದಾಣದವರೆಗೆ ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದರು. ಬೈದಿದ್ದರೆ, ನಾಲ್ಕು ಬಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನಾಗಮಂಗಲದ ಬಸ್ಸು ಬಂತು. ರೈತನಿಗೆ ಮುಖ ತೋರಿಸಿ ಹೇಳಿ ಬರಲು ಅವರು ಒಬ್ಬರೇ ಹೊರಟಿದ್ದರು. "ನಾನೂ ಬರ್ತೀನಿ ಮಾವ, ತಪ್ಪು ನಂದು ಅಂತ ಹೇಳ್ತೀನಿ" ಎಂದು ಕೈ ಚಾಚಿದೆ. ಮಾವ ಹೆಗಲಿನ ಟವಲ್ಲು ತೆಗೆದು ನನ್ನ ಕೈ ಮೇಲೆ ಹಾಕಿ, ಅದರೊಳಗೆ ತಮ್ಮ ಕೈ ತಂದರು. ನನ್ನ ಇಪ್ಪತ್ತನಾಲ್ಕು ವರ್ಷದಲ್ಲಿ ಮಾವ ನನ್ನ ಕೈಯನ್ನು ಟವಲ್ಲಿನ ಕೆಳಗೆ ಹಿಡಿಯಲು ಬಂದದ್ದು ಅದೇ ಮೊದಲು. ಯಾವ ಬೆರಳು ಹಿಡಿಯುತ್ತಾರೋ ಎಂದು ಕಾದೆ.

ಅವರು ಒಂದು ಬೆರಳನ್ನೂ ಮುಟ್ಟಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು, ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಬಸ್ಸು ಹತ್ತಿದರು.